ಓಡಲಾರದವನ ಜೊತೆ

"ಸಚಿನ್, ಬೇಗ ಬನ್ನಿ ಮಾರಾಯ್ರೆ! ಗಾಡಿ ಹೋಗ್ತದೆ!"

ಘಾಟ್ಕೋಪರ್ ಸ್ಟೇಷನ್ನಿನ ಮೆಟ್ಟಿಲಿಳಿದು ಓಡಿದ ಶ್ರಾವ್ಯಾ ಲೋಕಲ್ ಹತ್ತಿ ತಿರುಗಿ ನೋಡಿದಳು. ಸಚಿನ್ ಕಂಬಕ್ಕೆ ಕೈಯೂರಿ ನಿಂತೇ ಇದ್ದ, ಬರುವ ಮನಸ್ಸೇ ಇಲ್ಲದವನ ಹಾಗೆ. ರೈಲು ಹೊರಟಿತು.

ಅವತ್ತು ಮಾಟುಂಗದಲ್ಲಿ ಅವನನ್ನು ಅಮ್ಮನಿಗೆ ಪರಿಚಯಿಸಬೇಕೆಂದಿದ್ದಳು. ಅವನು ಬರಲೇ ಇಲ್ಲ. ಸಂಜೆ ಮೊಬೈಲಿಗೆ ಮೆಸೇಜ್ ಬಂತು: 'ನನ್ನ ಮರೆತುಬಿಡ್ರಿ.'

ಇಡೀ ರಾತ್ರಿ ಸಿಟ್ಟು, ಬೆಳಿಗ್ಗೆ ಬರೀ ಸಂಕಟ. ಪಾಠ ಮಾಡಲು ಕಾಲೇಜಿಗೆ ಹೊರಡುವಷ್ಟರಲ್ಲಿ ಅವನ ತಂಗಿ ಶೀತಲಳ ಫೋನ್ ಬಂತು. "ಅಕ್ಕಾ, ಅಣ್ಣನ್ನ ಪರೇಲ್‌ದಾಗ ಅಡ್ಮಿಟ್ ಮಾಡೀವಿ. ಕಾಲ ಮ್ಯಾಲ ನಿಂದ್ರಾಕ ಬರವಲ್ದು."

ಆಸ್ಪತ್ರೆಯಲ್ಲಿ ಅವನು ಅವಳನ್ನು ಕಂಡವನೇ ಮುಖ ತಿರುಗಿಸಿದ.

"ಮೆಟ್ಟಲ ಇಳಿದಾಗನ ಕಾಲು ಹಿಡಿದಿದ್ವು, ಆದ್ರೂ ಮುಂದಿನ ಗಾಡಿ ಹಿಡೀಲಿಕ್ಕೆ ಓಡಿದ್ನಿ. ತೊಡಿ ಕಲ್ಲಾದ್ವು, ಮೂತ್ರ ಕಪ್ಪಾತು. ಸಣ್ಣಾಂವ ಇದ್ದಾಗಿಂದ ಹಿಂಗ. ಶಾಲ್ಯಾಗ ಎಲ್ಲಾರೂ ಸೋಮಾರಿ ಅಂತಿದ್ರು. ಒಬ್ಬ ಡಾಕ್ಟರು ಸ್ನಾಯು ಕರಗೋ ರೋಗ ಇರಬಹುದು, ಮುಂದ ನಡೀಲಿಕ್ಕೂ ಆಗೂದಿಲ್ಲ ಅಂದಾರ. ನಿಮ್ಮ ಜೀವನ ಯಾಕ ಹಾಳು ಮಾಡ್ಲಿ?"

"ಅದನ್ನು ನನ್ನತ್ರ ಕೇಳ್ಬೇಕಿತ್ತು," ಎಂದು ಅವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ರಕ್ತ ಪರೀಕ್ಷೆ, ಜೀನ್ ಟೆಸ್ಟ್ ಅಂತ ವಾರಗಳು ಕಳೆದವು. ಅವನು ಮನೆಗೆ ಹೋದ ಮೇಲೂ ಅವಳು ದಿನಾ ಫೋನ್ ಮಾಡಿದಳು. ರೋಗದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ರಿಪೋರ್ಟ್ ಬಂದ ದಿನ ಇಬ್ಬರೂ ಡಾಕ್ಟರ್ ಸೌಮ್ಯಾ ಎದುರು ಕುಳಿತಿದ್ದರು. ಹುಬ್ಬಳ್ಳಿ ಕಡೆಯ ಅವರು ನಗುತ್ತಲೇ ಹೇಳಿದರು.

"ಇದು ಸ್ನಾಯು ಕರಗೋ ರೋಗ ಅಲ್ಲ. ಸ್ನಾಯುಗಳ ಜೀವಕೋಶ ಸಕ್ಕರೀನ ಗ್ಲೈಕೋಜನ್ ಮಾಡಿ ಕೂಡಿಟ್ಟುಕೊಳ್ತಾವ. ಬೇಕಾದಾಗ ಅದನ್ನ ಒಡೆದು ಶಕ್ತಿ ಮಾಡ್ಕೋಬೇಕು. ಒಡೆಯೋ ಎನ್‌ಜೈಮ್ ಇವರಲ್ಲಿ ಇಲ್ಲ. ಅದಕ್ಕ ಓಡಿದ ಕೂಡ್ಲೇ ಕಾಲು ಹಿಡೀತಾವ. ನಿಧಾನ ಶುರು ಮಾಡಿದ್ರ ರಕ್ತದಾಗಿನ ಸಕ್ಕರಿ, ಕೊಬ್ಬು ಬಂದು ಕೈ ಹಿಡೀತಾವ."

ಶ್ರಾವ್ಯಾ ಹನ್ನೊಂದನೇ ಕ್ಲಾಸಿಗೆ ಬಯಾಲಜಿ ಟೀಚರ್. ಗ್ಲೈಕೋಜನ್ ಒಡೆದು ಗ್ಲೂಕೋಸ್, ಗ್ಲೂಕೋಸ್ ಒಡೆದು ಶಕ್ತಿಯಾಗುವ ಬಾಣಗಳನ್ನು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಒಂದು ಬಾಣ ಕಾಣೆಯಾದರೆ ಒಬ್ಬ ಹುಡುಗ ಬಾಲ್ಯವಿಡೀ ಸೋಮಾರಿ ಅನ್ನಿಸಿಕೊಳ್ಳುತ್ತಾನೆಂದು ಅವಳಿಗೆ ಹೊಳೆದಿರಲಿಲ್ಲ.

"ಜೀವಕ್ಕೆ ಎಂತದ್ದೂ ಭಯ ಇಲ್ವಾ ಡಾಕ್ಟ್ರೆ?"

"ಇಲ್ಲ. ಆದ್ರ ಓಡಬಾರದು, ಭಾರ ಎತ್ತಬಾರದು, ಮೂತ್ರ ಕಪ್ಪಾದ್ರ ತಡಾ ಮಾಡದ ಬರಬೇಕು. ನಡೀಲಿ, ದುಡೀಲಿ, ಲಗ್ನಾನೂ ಆಗ್ಲಿ."

ಹೊರಗೆ ಬಂದ ಮೇಲೆ ಶ್ರಾವ್ಯಾಳ ಕಣ್ಣು ತುಂಬಿತು. ಇಷ್ಟು ವಾರ ತಡೆದದ್ದು ಒಮ್ಮೆಲೇ ಹರಿಯಿತು. ಸಚಿನನೂ ಕಣ್ಣೊರೆಸಿಕೊಂಡ. ಪರೇಲಿನ ಫುಟ್‌ಪಾತಿನಲ್ಲಿ ಜನ, ನಿಧಾನ ನಡೆಯುತ್ತಿದ್ದ ಅವರನ್ನು ಬಳಸಿಕೊಂಡು ಮುಂದೆ ಹೋಗುತ್ತಿದ್ದರು.

"ಇಷ್ಟು ಸಾವಕಾಶ ನಡದ್ರ ನಿಮಗ ಬ್ಯಾಸರ ಆಗೂದಿಲ್ಲೇನ್ರಿ?"

"ನಿಮ್ಮ ಮುಖ ನೋಡ್ಲಿಕ್ಕೆ ಟೈಮ್ ಸಿಗ್ತದಲ್ಲ."

ಅವನ ಕಿವಿ ಕೆಂಪಾಯಿತು. ತೊಡೆ ಬಿಗಿಯಾದಾಗ ನಿಂತ, ಅವಳೂ ನಿಂತಳು. ಮತ್ತೆ ಹೊರಟರು. ಸ್ವಲ್ಪ ಹೊತ್ತಿನಲ್ಲಿ ಅವನ ಹೆಜ್ಜೆ ತಾನಾಗಿಯೇ ಸಡಿಲವಾಯಿತು.

"ಕಾಲ ಹಗೂರ ಆತ್ರಿ," ಎಂದ ಬೆರಗಿನಿಂದ. ಆಮೇಲೆ ಅವಳ ಕಡೆ ತಿರುಗಿ, "ಶ್ರಾವ್ಯಾ, ನನ್ನ ಲಗ್ನ ಆಗ್ತೀರೇನು?"

"ಆಗ್ತೇನೆ. ಆದ್ರೆ ಇನ್ನೊಮ್ಮೆ ಇಂಥದ್ದನ್ನೆಲ್ಲ ಒಬ್ಬನೇ ಹೊತ್ಕೊಂಡ್ರೆ ನಿನ್ನನ್ನ ಬಿಡೋದಿಲ್ಲ, ನೋಡು."

"ನಿನ್ನ ಅಂದ್ರಿ?"

"ಅಂದೆ. ಎಂತ ಈಗ?"

ಅವನು ಅವಳ ಕೈ ಹಿಡಿದುಕೊಂಡ.