ಮಿಸೆಸ್ ಬ್ಯಾಗ್‌ಷಾ ಲಾರಿಯಲ್ಲಿ ಒಂದು ಬಾಂಬರ್

ಬಾಣಲೆ ನೇರವಾಗಿ ನನ್ನ ನೆತ್ತಿಗೆ ಬಿತ್ತು.

ಠಣ್!

ನೆತ್ತಿಗೆ ಏನೂ ಆಗಲಿಲ್ಲ. ಬಾಣಲೆಯೇ ನೆಗ್ಗಿಹೋಯಿತು!

ಓಡುತ್ತಿರುವ ಲಾರಿ. ಕಾಲಡಿಯಲ್ಲಿ ಬೆಟ್ಟದಷ್ಟು ಅಲ್ಯೂಮಿನಿಯಂ ಪಾತ್ರೆ. ಎದುರಿಗೆ ಮಿಸೆಸ್ ಬ್ಯಾಗ್‌ಷಾ, ನಮ್ಮೂರ ಪಾತ್ರೆ ಸಂಗ್ರಹ ಸಮಿತಿಯ ಅಧ್ಯಕ್ಷೆ... ಕೈಯಲ್ಲಿ ಎರಡನೇ ಬಾಣಲೆ!

"ಜರ್ಮನ್ ಗೂಢಚಾರ! ಪಾತ್ರೆ ಕದಿಯೋಕೆ ಬಂದಿದಾನೆ!"

"ಅಮ್ಮಾವ್ರೇ, ನಾನು ಟ್ರಾಂಟರ್! ವಿಮಾನ ಕಾರ್ಖಾನೆ ಕಾವಲು ಮುಖ್ಯಸ್ಥ!"

"ಗೂಢಚಾರರೆಲ್ಲ ಹಾಗೇ ಹೇಳೋದು!"

ಠಣ್!

ನಾನು ಲಾರಿ ಹತ್ತಿದ್ದೇಕೆ? ಕೇಳಿ.

ಸಾವಿರದ ಒಂಬೈನೂರ ನಲವತ್ತರ ಬೇಸಿಗೆ. ಕಡಲಾಚೆ ಹಿಟ್ಲರ್ ಹಲ್ಲು ಮಸೆಯುತ್ತಿದ್ದ. ಪಾತ್ರೆ ಕೊಡಿ, ಕರಗಿಸಿ ವಿಮಾನ ಮಾಡುತ್ತೇವೆಂದು ಸರ್ಕಾರ ಇಂಗ್ಲೆಂಡಿನ ಗೃಹಿಣಿಯರನ್ನು ಬೇಡಿಕೊಂಡಿತ್ತು.

ಬೆಳಿಗ್ಗೆ ನಮ್ಮ ವಿನ್ಯಾಸಗಾರ ಪೆಟಿಫರ್ ಸಾಹೇಬರು ಓಡಿಬಂದರು. ಆರು ಎಂಜಿನ್ನಿನ ಬಾಂಬರ್ ಅವರ ಜೀವಮಾನದ ಕನಸು. ಹಾರಿದರೆ ಅರ್ಧ ಲಂಡನ್ನಿಗೆ ನೆರಳು! ಸದ್ಯಕ್ಕೆ ಇದ್ದದ್ದು ಬರೀ ನಕ್ಷೆ, ಜೊತೆಗೆ ಹೆಬ್ಬಾತಿನ ಗಾತ್ರದ ಒಂದೇ ಒಂದು ಅಲ್ಯೂಮಿನಿಯಂ ಮಾದರಿ.

"ಮಾದರಿ ಕಾಣ್ತಿಲ್ಲ ಟ್ರಾಂಟರ್! ಉಜ್ಜಿ ಹೊಳಪು ಮಾಡೋಣ ಅಂತ ಮನೆಗೆ ಒಯ್ದಿದ್ದೆ. ಸಂಜೆ ಸಚಿವಾಲಯದ ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರೆ. ಅದಿಲ್ಲದಿದ್ರೆ ಒಪ್ಪಿಗೆ ಇಲ್ಲ... ನನ್ನ ಬಾಂಬರೂ ಇಲ್ಲ!"

"ಬರ್ಲಿನ್ ಕೈವಾಡ!" ಎಂದೆ. ನನ್ನ ಊಹೆ ಎಂದಾದರೂ ತಪ್ಪಿದ್ದುಂಟೆ?

ಅವತ್ತು ತಪ್ಪಿತು. ಅವರ ಮನೆಗೆ ಓಡಿದರೆ, ಹೆಂಡತಿ ಬಾಗಿಲಲ್ಲೇ ಎದೆಯುಬ್ಬಿಸಿ ನಿಂತಿದ್ದರು.

"ಅಡುಗೆಮನೇಲಿದ್ದ ಅಲ್ಯೂಮಿನಿಯಂ ಅಷ್ಟನ್ನೂ ದೇಶಕ್ಕೆ ಕೊಟ್ಟುಬಿಟ್ಟೆ! ಲಾರಿ ಈಗಷ್ಟೇ ಹೋಯ್ತು!"

ಪಾದ್ರಿಗಳ ಸೈಕಲ್ ಕಸಿದುಕೊಂಡೆ. ತುಳಿದ ರಭಸಕ್ಕೆ ಚಕ್ರದಲ್ಲಿ ಹೊಗೆ! ಇಳಿಜಾರಿನಲ್ಲಿ ಒಂದೇ ಜಿಗಿತ... ಲಾರಿ ಮೇಲೆ!

ಪಾತ್ರೆಗಳ ಸಂದಿಯಲ್ಲಿ ಬಾಂಬರಿನ ಬಾಲ ಇಣುಕುತ್ತಿತ್ತು. ಹಿಡಿದೆಳೆದೆ. ಮಿಸೆಸ್ ಬ್ಯಾಗ್‌ಷಾ ಅದರ ಮೂತಿ ಹಿಡಿದೆಳೆದರು.

"ಬಿಡಿ! ಇದು ವಿಮಾನ!"

"ಇಲ್ಲಿರೋದೆಲ್ಲ ವಿಮಾನಾನೇ ಆಗೋದು! ನಿಂದು ಯಾವಾಗ ಹಾರತ್ತೆ?"

"ಮೂರು ವರ್ಷ ಆಗಬಹುದು..."

"ನನ್ನ ಬಾಣಲೆ ಮುಂದಿನ ತಿಂಗಳೇ ಹಾರತ್ತೆ! ತೆಗಿಯಯ್ಯಾ ಕೈ!"

ಹುಲಿಯಂಥ ನಾನೇ ಬಾಲದ ಹಿಡಿತ ಸಡಿಲಿಸಿದೆ.

"ದೇಶಕ್ಕೆ ಕೊಟ್ಟದ್ದು ಪುಕ್ಕಟೆ ವಾಪಸ್ ಬರಲ್ಲ," ಎಂದರಾಕೆ. "ಅಷ್ಟೇ ತೂಕದ್ದು ನೀನು ಹಾಕು."

ಲಾರಿ ನನ್ನ ಮನೆ ಮುಂದೆ ನಿಂತಿತು. ತಕ್ಕಡಿ ಇಳಿಯಿತು. ನನ್ನ ಪಾತ್ರೆಗಳೆಲ್ಲ ತಕ್ಕಡಿ ಏರಿದವು. ಆದರೂ ಬಾಂಬರೇ ತುಸು ಭಾರ! ಉಳಿದಿದ್ದು ಒಲೆ ಮೇಲಿನ ಕೆಟಲ್.

"ಅದೊಂದು ಬೇಡಮ್ಮಾ... ಅದರಲ್ಲಿ ಟೀ ಕಾಯಿಸ್ತೀನಿ!"

"ಯುದ್ಧ ಕಣಯ್ಯಾ!"

ಎದೆಗೆ ಗುಂಡು ತಿಂದಾಗ ನಕ್ಕವನು ನಾನು. ಅವತ್ತು ಗೋಡೆ ಕಡೆ ಮುಖ ತಿರುಗಿಸಿದೆ.

ಸಂಜೆ ದೊಡ್ಡ ಸಾಹೇಬರು ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅದ್ಭುತ! ಆದರೆ ಕಟ್ಟೋದಿಲ್ಲ. ಸಣ್ಣ ವಿಮಾನಗಳಿಗೇ ಲೋಹ ಸಾಲ್ತಿಲ್ಲ." ಬೆರಳಿಂದ ರೆಕ್ಕೆ ತಟ್ಟಿದರು. "ಅಲ್ಯೂಮಿನಿಯಮ್ಮೇ? ಪಾತ್ರೆ ಸಮಿತಿಗೆ ಕೊಟ್ಟುಬಿಡಿ."

ಪೆಟಿಫರ್ ಕುರ್ಚಿಗೆ ಕುಸಿದರು.

"ಟ್ರಾಂಟರ್... ನಿಮ್ಮನೇಲಿ ಒಂದು ಕಪ್ ಟೀ ಸಿಗತ್ತಾ?"

"ಕೆಟಲ್ ಬರ್ಲಿನ್‌ಗೆ ಹೊರಟಿದೆ ಸಾರ್. ವಾಪಸ್ ಬಂದ್ರೆ ಕಾಯಿಸ್ತೀನಿ."