ನೆಂಟರಾಗುವವರು

ಎಲೆಯೊಂದನ್ನು ಬೆರಳಲ್ಲಿ ಹೊಸಕಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದವಳ ಬೆನ್ನಿಗೆ ಆ ದನಿ ಬಂದು ಬಡಿಯಿತು.

"ಯಾರ್ರೀ ಅದು? ಮೇಕೆ ಆದ್ರೆ ತಿನ್ನುತ್ತೆ. ನೀವು ಮೂಸ್ತಾ ಇದ್ದೀರಲ್ಲ!"

ಅವಳು ತಿರುಗಿದಳು. ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಕುಡುಗೋಲು ಹಿಡಿದು ಹೊಲದವನು ನಿಂತಿದ್ದ. ಊರಿನ ಹೊಲಗಳಲ್ಲೆಲ್ಲ ಕಟ್ಟಕಡೆಯದು ಅವನದು. ಅದರಾಚೆ ಮುಳ್ಳುತಂತಿ, ತಂತಿಯಾಚೆ ಬೇರೆ ಸರ್ಕಾರ. ಹಾಗಾಗಿ ಊರಿಗೆ ಅವನು ಬೇಲಿಯವನು.

"ನಾನು ಸಂಘದಿಂದ ಬಂದೋಳು. ಈ ಹಂಗಾಮು ನಿಮ್ಮ ಹೊಲ ನೋಡೋ ಕೆಲಸ ನಂದು. ಔಷಧಿ ವಾಸನೆ ಇದೆಯಾ ಅಂತ ನೋಡ್ತಿದ್ದೆ."

"ಓಹೋ. ನೋಡೋದು ಅಂದ್ರೆ ಕಣ್ಣಲ್ಲಿ ಅಂದ್ಕೊಂಡಿದ್ದೆ."

"ಕಣ್ಣಿಗೆ ಮೋಸ ಮಾಡಬಹುದು. ಮೂಗಿಗೆ ಕಷ್ಟ."

ಅವನು ನಗಲಿಲ್ಲ. ಆದರೆ ಕುಡುಗೋಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಹೇಳದೆ ಬಂದ ನೆಂಟರ ಮುಂದೆ ಹರಿದ ಚಾಪೆಯನ್ನು ಮಡಚಿಡುವವನ ನಾಚಿಕೆ ಆ ಸರಿಸುವಿಕೆಯಲ್ಲಿತ್ತು. ಅವಳು ಅದನ್ನು ಕಂಡಳು. ಕಂಡದ್ದನ್ನು ಮರೆಯಲು ಆಮೇಲೆ ಎಷ್ಟು ಹೆಣಗಿದರೂ ಆಗಲಿಲ್ಲ.

ಎಳ್ಳು ಹೆಚ್ಚು ಕೇಳದ ಬೆಳೆ. ಒಂದು ಮಳೆ ಕೊಟ್ಟರೆ ಒಂದು ಮಳೆಯಷ್ಟು ಬೆಳೆಯುತ್ತದೆ. ಮೋಡ ಬಂದು ಮುಖ ತೋರಿಸಿ ಹೋಗುವ ಆ ಸೀಮೆಯಲ್ಲಿ ಬೇರೆ ಪೈರೆಲ್ಲ ಕೈಬಿಟ್ಟ ಮೇಲೆ ಜನ ಅದನ್ನು ಹಿಡಿದುಕೊಂಡಿದ್ದರು. ಔಷಧಿ ಹೊಡೆಯದ ಎಳ್ಳಿಗೆ ದೂರದ ಕಂಪನಿಯೊಂದು ಒಳ್ಳೆಯ ಬೆಲೆ ಕೊಡುತ್ತಿತ್ತು. ಅದಕ್ಕಾಗಿ ಸಂಘ ಕಟ್ಟಿದವರು ಒಬ್ಬ ಮುದುಕಿ, ಊರಿಗೆಲ್ಲ ದೊಡ್ಡಮ್ಮ.

ಸಂಘದ ಕಟ್ಟಳೆ ಸರಳ. ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಬೇಕು, ಪೈರು ನಿಂತಿರುವಾಗಲೇ ನೋಡಬೇಕು. ನೋಡುವವರು ಹೊಲದವರ ಕೈಯಿಂದ ಒಂದು ಲೋಟ ನೀರನ್ನೂ ಕುಡಿಯಬಾರದು. ಅವರಿಗೆ ನೆಂಟರಾಗಿರಬಾರದು. ಬರೆಸುವಾಗ ದೊಡ್ಡಮ್ಮ ಇನ್ನೊಂದು ಮಾತು ಸೇರಿಸಿದ್ದರು: "ನೆಂಟರಾಗುವವರೂ ಆಗಿರಬಾರದು." ಎಲ್ಲರೂ ನಕ್ಕಿದ್ದರು. ದೊಡ್ಡಮ್ಮ ನಕ್ಕಿರಲಿಲ್ಲ. ಗುಡ್ಡದಾಚೆಯ ಸಂಘದಲ್ಲಿ ಮಾವನೊಬ್ಬ ಅಳಿಯನ ಹೊಲವನ್ನು ಸರಿಯಿದೆ ಎಂದು ಬರೆದು, ಅದು ಬಯಲಾಗಿ, ಇಡೀ ಊರಿನ ಮಾಲು ಗೋದಾಮಿನಲ್ಲೇ ಮುಗ್ಗಿ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಬೇಲಿಯವನಿಗೆ ಈ ಹಂಗಾಮು ದಾಟಲೇಬೇಕಿತ್ತು. ಒಂದಾದ ಮೇಲೊಂದು ಎರಡು ಹಂಗಾಮು ಪಾಸಾದವರ ಹೊಲದಲ್ಲಿ ಸಂಘವೇ ನೀರಿನ ಹೊಂಡ ತೋಡಿಸುತ್ತಿತ್ತು. ಹೋದ ಸಲ ಪಾಸಾಗಿದ್ದ. ಈ ಸಲವೂ ಆದರೆ ಹೊಂಡ. ಹೊಂಡವಿಲ್ಲದಿದ್ದರೆ ಆ ಮಣ್ಣಲ್ಲಿ ಇನ್ನೊಂದು ವರ್ಷ ಉಸಿರು ಹಿಡಿಯಲಾಗದು. ತಂತಿಯಾಚೆ ಹತ್ತಿ ಮಿಲ್ಲಿಗೆ ಕೂಲಿಗೆ ಹೋಗಬೇಕು. ಹಾಗೆ ಹೋದವರಲ್ಲಿ ತಿರುಗಿ ಬಂದು ನೇಗಿಲು ಹಿಡಿದವರನ್ನು ಊರು ಕಂಡಿರಲಿಲ್ಲ.

ಎರಡನೆಯ ಸಲ ಅವಳು ಹೋದಾಗ ಎಳ್ಳು ಹೂಬಿಟ್ಟಿತ್ತು. ಆಚೆಯಿಂದ ಸ್ಪ್ರೇ ಯಂತ್ರದ ಸದ್ದು ಗುಂಯ್ಗುಡುತ್ತಿತ್ತು. ಗಾಳಿ ಈ ಕಡೆಗೇ.

"ಬೇಲಿ ಪಕ್ಕದ ಸಾಲುಗಳು ಆಗಲ್ಲ. ಬೇರೆ ಕೊಯ್ದು ಬೇರೆ ಇಡಬೇಕು. ಸಂತೆಗೆ ಹಾಕ್ಕೊಳ್ಳಿ," ಎಂದಳು.

"ಎಷ್ಟು ಸಾಲು?"

"ಹೋದ ಸಲದ ಎರಡರಷ್ಟು."

"ಎರಡರಷ್ಟಾ! ಗಾಳಿ ಅವರದು, ಔಷಧಿ ಅವರದು, ದಂಡ ನಂಗಾ?"

"ಗಾಳಿಗೆ ಪಾಸ್‌ಪೋರ್ಟ್ ಕೇಳೋಕೆ ಆಗುತ್ತಾ?"

ಅವನು ಕೆರಳಿ ಏನೋ ಹೇಳಬಂದವನು, ಅವಳ ಮುಖ ನೋಡಿ ನಿಂತ. ಬಿಸಿಲಿಗೆ ಅವಳ ತುಟಿ ಒಡೆದಿತ್ತು. ಓಡಿಹೋಗಿ ಲೋಟದಲ್ಲಿ ನೀರು ತಂದ.

"ಕುಡಿಯೋ ಹಾಗಿಲ್ಲ," ಎಂದಳು.

"ನೀರೂ ಇಲ್ವಾ?"

"ನೀರೂ ಇಲ್ಲ."

ಅವನು ಲೋಟ ಹಿಡಿದೇ ನಿಂತಿದ್ದ. ಚೆಲ್ಲುವಂತಿಲ್ಲ, ಆ ವರ್ಷ ನೀರು ಚೆಲ್ಲುವವರು ಯಾರಿದ್ದರು? ಕೊನೆಗೆ ಅವಳನ್ನೇ ನೋಡುತ್ತ, ಗುಟುಕು ಗುಟುಕಾಗಿ ತಾನೇ ಕುಡಿದ.

ಮೂರನೆಯ ಸಲ, ಕೊಯ್ಲಿಗೆ ಮುಂಚೆ, ಅವಳು ಹೊಲ ನೋಡಿ ಹೊರಟಾಗ ಬದುವಿನಾಚೆ ಕಾಲುದಾರಿಯ ಮರದ ಕೆಳಗೆ ಹೊಸ ಮಡಕೆ ಕೂತಿತ್ತು. ಮೇಲೊಂದು ಮುಚ್ಚಳ, ಮುಚ್ಚಳದ ಮೇಲೊಂದು ಲೋಟ.

"ಇದೇನು?"

"ಮಡಕೆ."

"ಅದು ಕಾಣುತ್ತೆ."

"ಇದು ನನ್ನ ಹೊಲ ಅಲ್ಲ, ದಾರಿ. ದಾರೀಲಿ ಹೋಗೋರು ಯಾರು ಬೇಕಾದ್ರೂ ಕುಡೀಬಹುದು. ದೊಡ್ಡಮ್ಮನ ಕಟ್ಟಳೆ ಬದುವಿನ ತನಕ ತಾನೇ?"

"ಎಷ್ಟು ಜನ ಕುಡಿದ್ರು ಇವತ್ತು?"

ಅವನು ಟವೆಲಿನ ಅಂಚನ್ನು ಸುತ್ತಿದ, ಬಿಚ್ಚಿದ. "ಈ ದಾರೀಲಿ ಬರೋರು ಕಡಿಮೆ."

ಅವಳು ಕುಡಿದಳು. ತಣ್ಣಗಿತ್ತು. ಎರಡನೆಯ ಲೋಟ ಎತ್ತಿ ಕುಡಿಯುವಾಗ ಹನಿಯೊಂದು ಗಲ್ಲದಿಂದ ಜಾರಿತು. ಆ ಹನಿ ಎಲ್ಲಿಯ ತನಕ ಇಳಿಯಿತೋ ಅಲ್ಲಿಯ ತನಕ ಅವನ ಕಣ್ಣು ಇಳಿದು, ತಪ್ಪು ಮಾಡಿದವನಂತೆ ತಟ್ಟನೆ ಆಕಾಶಕ್ಕೆ ಹಾರಿತು. ಆಕಾಶದಲ್ಲಿ ಏನೂ ಇರಲಿಲ್ಲ.

ಮನೆಯಲ್ಲಿ ಅತ್ತಿಗೆ ಬಿಡುತ್ತಾಳೆಯೇ! "ಏನೇ, ಬೇಲಿಯವನ ಹೊಲಕ್ಕೆ ಹೋಗೋ ದಿನ ಮಾತ್ರ ಎರಡೆರಡು ಸಲ ತಲೆ ಬಾಚ್ಕೋತೀಯಲ್ಲ?"

"ಅಲ್ಲಿ ಗಾಳಿ ಜಾಸ್ತಿ, ಅತ್ತಿಗೆ."

"ಹೌದೌದು. ಗಾಳಿ ಯಾವ ಕಡೆ ಬೀಸ್ತಿದೆ ಅಂತ ನಂಗೂ ಕಾಣುತ್ತೆ."

ಅವಳು ನಗಲಿಲ್ಲ. ಮದುವೆಯ ಮಾತು ಬಂದು ಬಂದು ನಿಂತುಹೋದ ಹೆಣ್ಣು ಅವಳು. ಅಣ್ಣನ ಮನೆಯಲ್ಲಿ ಯಾರ ಹಂಗೂ ಇಲ್ಲದೆ ತಲೆಯೆತ್ತಿ ಉಣ್ಣುತ್ತಿದ್ದದ್ದು ಸಂಘದ ಈ ಕೆಲಸದಿಂದ. ಸಂಜೆ ದೇವರ ಮುಂದೆ ಕೂತರೆ ಅವಳ ಪ್ರಾರ್ಥನೆ ಎರಡು ಹೋಳಾಗುತ್ತಿತ್ತು. ಅವನ ಎಳ್ಳು ದಾಟಲಿ ಎಂದು ಒಂದು ಹೋಳು. ಇನ್ನೊಂದು ಹೋಳಿಗೆ ಮಾತಿರಲಿಲ್ಲ.

ಕೊಯ್ಲಾಯಿತು. ಸಿವುಡು ಕಟ್ಟಿ ನಿಲ್ಲಿಸಿ, ಒಣಗಿಸಿ, ತಲೆಕೆಳಗು ಮಾಡಿ ಟಾರ್ಪಾಲಿನ ಮೇಲೆ ಬಡಿದದ್ದೂ ಆಯಿತು. ಕಂಪನಿಯವನು ಬರುವ ಹಿಂದಿನ ದಿನ ಬೇಲಿಯವನು ಚೀಲಗಳನ್ನು ಗೋದಾಮಿಗೆ ಇಳಿಸಲು ಬಂದ. ಅವಳು ಜರಡಿಯ ಹತ್ತಿರ ನಿಂತಿದ್ದಳು.

"ನಾಳೆ ದೊಡ್ಡಮ್ಮ ಎಲ್ಲರ ಮುಂದೆ ಕೇಳ್ತಾರೆ," ಎಂದಳು, ಕಾಳು ನೋಡುತ್ತಲೇ. "ಹೊಲದವರಿಗೂ ನೋಡಿದೋರಿಗೂ ಏನಾದ್ರೂ ಸಂಬಂಧ ಇದೆಯಾ ಅಂತ."

"ಕೇಳಲಿ. ನಾನು ನಿಮಗೆ ಏನಾದ್ರೂ ಹೇಳಿದ್ದೀನಾ?"

"ಇಲ್ಲ."

"ನೀವು ನಂಗೆ ಹೇಳಿದ್ದೀರಾ?"

"ಇಲ್ಲ."

"ಮತ್ತೆ? ಹೇಳದೇ ಇದ್ದ ಮೇಲೆ ಇಲ್ಲ ಅಂತಲೇ ಅರ್ಥ. ಲಾರಿ ಹೋಗಲಿ, ಹೊಂಡ ಆಗಲಿ. ಆಮೇಲೆ..." ಅವನ ದನಿ ಇಳಿಯಿತು. "ಆಮೇಲೆ ಹೇಳೋಕೆ ತುಂಬಾ ಇದೆ."

ಅವಳು ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು. ಅವನೂ ನೋಡಿದ. ಜರಡಿ ನಿಂತಿತ್ತು, ಕಾಳು ಬೀಳುವ ಸದ್ದೂ ಇರಲಿಲ್ಲ. ಹೇಳಿಲ್ಲ ಎಂದು ಹೇಳಿಕೊಳ್ಳಲು ಇನ್ನು ಅವರಿಗೆ ಮುಖವಿರಲಿಲ್ಲ.

ಮರುದಿನ ಗೋದಾಮಿನಲ್ಲಿ ಚೀಲಗಳ ಮೇಲೆ ಜನ ಕೂತಿದ್ದರು. ಕಂಪನಿಯವನು ಕುರ್ಚಿಯಲ್ಲಿ, ದೊಡ್ಡಮ್ಮ ಸ್ಟೂಲಿನ ಮೇಲೆ. ಒಂದೊಂದೇ ಹೊಲ ಕೂಗಿ, ಕೇಳಿ, ಮುಂದೆ ಹೋಗುತ್ತಿದ್ದರು. ಇಲ್ಲ, ಇಲ್ಲ, ಇಲ್ಲ. ಜಪದ ಹಾಗೆ ಸಾಗುತ್ತಿತ್ತು.

"ಬೇಲಿ ಪಕ್ಕದ ಹೊಲ. ನೋಡಿದೋಳು ನೀನು. ಏನಮ್ಮ, ಸಂಬಂಧ ಏನಾದ್ರೂ?"

ಅವಳು ಎದ್ದು ನಿಂತಳು. ಇಲ್ಲ ಎಂದರೆ ಅವನಿಗೆ ಹೊಂಡ. ಇದೆ ಎಂದರೆ ಅವನಿಗೆ ಮಿಲ್ಲು. ಅವನ ಬದುಕು ಅವಳ ನಾಲಗೆಯ ತುದಿಯಲ್ಲಿ ಕೂತಿತ್ತು. ಬಾಯಿ ತೆರೆದಳು, ಅವನಿಗಾಗಿ ಸುಳ್ಳನ್ನೇ ಹೇಳಬೇಕೆಂದಿದ್ದಳು. ದನಿ ಹೊರಡಲಿಲ್ಲ.

"ದೊಡ್ಡಮ್ಮ," ಎಂದು ಹಿಂದಿನಿಂದ ಅವನು ಎದ್ದ. "ಅವರನ್ನ ಕೇಳಬೇಡಿ. ನನ್ನ ಕಡೆಯಿಂದ ಇದೆ. ಅವರಿಗೆ ಏನೂ ಗೊತ್ತಿಲ್ಲ. ಅವರ ತಪ್ಪೇನೂ ಇಲ್ಲ."

ಯಾರೋ, "ಒನ್‌ವೇ ರಸ್ತೆನೋ ಇವಂದು!" ಎಂದರು. ನಗು ಹಬ್ಬಿತು. ಅವನು ತಲೆ ತಗ್ಗಿಸಿ ಆ ನಗುವಿನಲ್ಲಿ ನಿಂತ, ಕೊಡೆಯಿಲ್ಲದವನು ಆಲಿಕಲ್ಲಿನಲ್ಲಿ ನಿಂತ ಹಾಗೆ.

ಕಂಪನಿಯವನು ಅವಳ ಕಡೆ ತಿರುಗಿದ. "ಹೌದಾ? ನಿಮಗೆ ಗೊತ್ತಿರಲಿಲ್ವಾ? ಇರಲಿಲ್ಲ ಅಂದ್ರೆ ನಿಮ್ಮ ಕೆಲಸಕ್ಕೆ ತೊಂದರೆ ಇಲ್ಲ. ಇವರ ಲಾಟ್ ಮಾತ್ರ ತೆಗೀತೀವಿ."

ಅವನು ತಲೆಯೆತ್ತಿ ಕಣ್ಣಲ್ಲೇ ಬೇಡಿಕೊಂಡ: ಇರಲಿಲ್ಲ ಅನ್ನಿ. ಅಷ್ಟು ದೂರದಿಂದಲೂ ಅವಳಿಗೆ ಅದು ಕೇಳಿಸಿತು. ಅವನ ಹೊಂಡ ಹೋಗಿಯಾಗಿತ್ತು. ಈಗ ಉಳಿದದ್ದು ಅವಳ ಕೆಲಸ ಮತ್ತು ಅವನ ಮೇಲಿನ ನಗು.

"ಗೊತ್ತಿತ್ತು," ಎಂದಳು. "ಮೂರನೇ ಸಲ ಹೋದಾಗಲೇ ಗೊತ್ತಿತ್ತು. ನನ್ನ ಕಡೆಯಿಂದಲೂ ಇದೆ."

ನಗು ನಿಂತಿತು. ಅತ್ತಿಗೆ ಬಾಯಿಗೆ ಸೆರಗು ಹಿಡಿದಳು. ಅಣ್ಣ ಎದ್ದು ಹೊರಗೆ ಹೋದ.

"ಎಣ್ಣೆ ಬರೋ ಹೊತ್ತಿಗೆ ಗಾಣ ಮುರಿದ್ರಲ್ಲೋ," ಎಂದು ದೊಡ್ಡಮ್ಮ ನಿಟ್ಟುಸಿರಿಟ್ಟರು. "ಉಳಿದೋರ ಮಾಲು ಉಳೀತು, ಅದು ನಿಜ. ನಿಮ್ಮಿಬ್ಬರದು..." ಮಾತು ಮುಗಿಸದೆ ಕನ್ನಡಕ ತೆಗೆದು ಒರೆಸುತ್ತ ಕೂತರು. ಬೇಲಿಯವನ ಚೀಲಗಳನ್ನು ಬೇರೆ ಗೋಡೆಗೆ ಸರಿಸಿದರು.

ಗಡಿ ಗೇಟಿನಲ್ಲಿ ಕೂಲಿಯವರ ಸಾಲು ಉದ್ದವಿತ್ತು. ಮಿಲ್ಲಿನ ಪಾಸು ಒಬ್ಬರಿಗೆ ಮಾತ್ರ. ಒಳಗೆ ಹೋದವರು ಹತ್ತಿಯ ಕೆಲಸ ಮುಗಿಯುವ ತನಕ ಈಚೆ ಬರುವಂತಿಲ್ಲ. ಅವನ ಹೆಗಲಲ್ಲಿ ಒಂದು ಚೀಲ. ಅವಳು ಸಾಲಿನ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಳು, ಎಲ್ಲರೂ ನೋಡುತ್ತಿದ್ದರೂ.

"ಯಾಕೆ ಹೇಳಿದ್ರಿ? ನಾನೊಬ್ಬನೇ ಮುಳುಗೋನಿದ್ದೆ," ಎಂದ. ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ಒಬ್ಬರೇ ಮುಳುಗೋಕೆ ನಿಮಗೆ ಯಾರು ಪರ್ಮಿಷನ್ ಕೊಟ್ರು? ಮೊದಲು ಎದ್ದು ನಿಂತೋರು ಯಾರು?"

"ನೀವು ಇಲ್ಲ ಅಂತೀರೇನೋ ಅಂತ ಹೆದರಿಕೆ ಆಯ್ತು. ಸುಳ್ಳಿಗಾದ್ರೂ ಸರಿ, ನಿಮ್ಮ ಬಾಯಲ್ಲಿ ಆ ಮಾತು ಕೇಳೋಕೆ ನನ್ನ ಕೈಲಿ ಆಗ್ತಿರಲಿಲ್ಲ." ಚೀಲವನ್ನು ಇನ್ನೊಂದು ಹೆಗಲಿಗೆ ದಾಟಿಸಿ, "ಹೊಂಡದ ನೀರು ಕುಡಿದ್ರೂ ಅದು ಗಂಟಲಲ್ಲಿ ಇಳೀತಿರಲಿಲ್ಲ," ಎಂದ.

ಸಾಲು ಮುಂದೆ ಸರಿಯಿತು. ಅವಳು ಅವನ ಚೀಲದ ಪಟ್ಟಿ ಹಿಡಿದುಕೊಂಡಳು.

"ಹೊಲದ ಬೀಗದ ಕೈ ಕೊಡು."

"ಹೊಲಕ್ಕೆಲ್ಲಿ ಬೀಗ?" ಎಂದವನು, ಅವಳು 'ಕೊಡು' ಎಂದದ್ದು ಆಮೇಲೆ ಹೊಳೆದು, ಪೂರ್ತಿ ಅವಳ ಕಡೆ ತಿರುಗಿದ.

"ಹೊಲದಲ್ಲಿ ಸಾಮಾನಿಡೋ ಕೋಣೆಯದು. ಇಷ್ಟು ದಿನ ನಿನ್ನ ಹೊಲದಲ್ಲಿ ಒಂದು ಕಳೆ ಕೀಳೋ ಹಾಗಿರಲಿಲ್ಲ. ಕೆಲಸ ಹೋಯ್ತು, ಇನ್ನು ಯಾರೂ ತಡೆಯಲ್ಲ. ಬಿತ್ತೋದು ನಾನು ಬಿತ್ತುತೀನಿ. ಹಂಗಾಮಿನ ಲೆಕ್ಕ ಮತ್ತೆ ಒಂದರಿಂದ ಶುರುವಾದ್ರೆ ಆಗಲಿ."

"ಮಳೆ ಬರದಿದ್ರೆ?"

"ಬರದಿದ್ರೆ ಬರದ ಹೊಲ ಕಾಯ್ತೀನಿ."

ಅವನು ಜೇಬಿನಿಂದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟ. ಇಟ್ಟ ಕೈಯನ್ನು ಹಿಂದಕ್ಕೆಳೆಯಲಿಲ್ಲ. ಹಿಂದಿನವನು, "ಮುಂದೆ ಹೋಗಪ್ಪಾ," ಎನ್ನುವ ತನಕ ಹಾಗೇ ಇದ್ದರು. ಗೇಟಿನವನು ಪಾಸಿಗೆ ಮುದ್ರೆ ಒತ್ತಿದ. ಅವನು ತಿರುಗಿ ನೋಡುತ್ತ, ಎಡವುತ್ತ ಆಚೆ ಹೋದ.

ಒಂದೇ ಮಳೆ ಬಂತು. ಅವಳು ಬಿತ್ತಿದಳು. ಮೊಳಕೆ ಅಲ್ಲೊಂದು ಇಲ್ಲೊಂದು, ಮುದುಕರ ಹಲ್ಲಿನ ಹಾಗೆ. ಅಣ್ಣ ಮಾತು ಬಿಟ್ಟಿದ್ದ. ಅತ್ತಿಗೆ ಕದ್ದು ಮುಚ್ಚಿ ಬುತ್ತಿ ಕಟ್ಟಿ ಕೊಡುತ್ತಿದ್ದಳು. ತಂತಿಯಾಚೆ ದೂರದಲ್ಲಿ ಮಿಲ್ಲಿನ ಹೊಗೆ ಬೂದು ಆಕಾಶಕ್ಕೆ ಬೂದು ಬಳಿಯುತ್ತಿತ್ತು.

ಆ ಹಂಗಾಮಿನ ಮೊದಲ ತಪಾಸಣೆಗೆ ದೊಡ್ಡಮ್ಮನೇ ಕೋಲೂರಿಕೊಂಡು ಬಂದರು. ಸಾಲುಗಳ ನಡುವೆ ನಡೆದು, ನಿಂತು, ಕಟ್ಟಳೆಯ ಪ್ರಕಾರ ಕೇಳಿದರು.

"ಹೊಲ ಯಾರದು?"

"ನಮ್ಮದು."

ದೊಡ್ಡಮ್ಮ ಅವಳನ್ನು ದಿಟ್ಟಿಸಿದರು. ಬಿಸಿಲಿಗೆ ಕಪ್ಪಾದ ಮುಖ, ಬಿರಿದ ಕೈ. "ಬೆಳೆ ಇಲ್ಲವಲ್ಲೇ ತಾಯಿ. ಏನು ಅಂತ ನೋಡಲಿ?"

ಅವಳು ಉತ್ತರ ಕೊಡುವಷ್ಟರಲ್ಲಿ ಆಚೆಯ ಮಿಲ್ಲಿನಲ್ಲಿ ಊಟದ ಸೈರನ್ ಕೂಗಿತು. ಕರ್ಕಶ ದನಿ ತಂತಿಯನ್ನು ದಾಟಿ, ಒಣ ಹೊಲದ ಮೇಲೆ ಹಾದು, ಬದುವಿನ ತನಕ ಬಂತು. ಅವಳು ಕುಡುಗೋಲು ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು, ಬೇಲಿಯ ಕಡೆ ಮುಖ ಮಾಡಿ ನೆಲದ ಮೇಲೆ ಕೂತು, ಬುತ್ತಿಯ ಗಂಟು ಬಿಚ್ಚಿದಳು.

"ಸ್ವಲ್ಪ ಇರಿ, ದೊಡ್ಡಮ್ಮ," ಎಂದಳು. "ಇದು ನಮ್ಮ ಊಟದ ಹೊತ್ತು."