ಏಣಿ ಹಿಡಿಯದ ದಿನ

ಬೆಳಗ್ಗೆ ಏಳು ಗಂಟೆಗೆ ಸುಮಿತಾಳ ಮನೆಯ ಅಂಗಳದಲ್ಲಿ ಎರಡು ಗುಂಡು ಹಾರಿದವು. ರಾತ್ರಿ ಪಕ್ಕದ ಮನೆಯಲ್ಲಿ ಉಳಿದಿದ್ದ ಅವಳಿಗೆ ಅಲ್ಲಿಯ ಮುತ್ತಿ ಆಂಟಿ ಜಡೆ ಹೆಣೆಯುತ್ತಿದ್ದರು. ಅವರ ಕೈ ಅಲ್ಲೇ ನಿಂತಿತು.

ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಕುಟ್ಟ ಊರಿನ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಾತ ಹೋಗಿಬಿಟ್ಟಿದ್ದರು.

ಹಿಂದಿನ ದಿನ ಕಾಳುಮೆಣಸು ಕೊಯ್ಯುವಾಗ ಅವರು ಏಣಿಯಿಂದ ಬಿದ್ದಿದ್ದರು. ಅಪ್ಪ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಮೆಣಸಿನ ಏಣಿ ಎಂದರೆ ಒಂಟಿ ಬಿದಿರು. ಒಬ್ಬರು ಹತ್ತಿದರೆ ಇನ್ನೊಬ್ಬರು ಬುಡ ಹಿಡಿಯಬೇಕು. ಅಂದು ತಾತ ಸುಮಿತಾಳನ್ನು ಕರೆದಿದ್ದರು. ಅವಳು ಟಿ.ವಿ.ಯಿಂದ ಕಣ್ಣು ತೆಗೆಯದೆ, ಸಿನಿಮಾ ಮುಗಿಯಲಿ ಎಂದಿದ್ದಳು. ತಾತ ನಕ್ಕು ಒಬ್ಬರೇ ಹೋದರು.

ನೀನೆಲ್ಲಿದ್ದೆ ಎಂದು ಅಪ್ಪ ಕೇಳಿದಾಗ ಅವಳು, ಹೋಮ್‌ವರ್ಕ್ ಮಾಡುತ್ತಿದ್ದೆ, ತಾತ ಹೋದದ್ದೇ ಗೊತ್ತಾಗಲಿಲ್ಲ ಎಂದಳು. ಆಮೇಲೆ ಅವಳು ಟಿ.ವಿ. ಮುಂದೆ ಕೂರಲೇ ಇಲ್ಲ.

ತಿಂಗಳು ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಬೋಜಮ್ಮ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಅವತ್ತು ನೋಡ್ತಾ ಇದ್ದೆಯಲ್ಲ, ಆ ಸಿನಿಮಾ ಸಿಗ್ತದಾ? ಹಾಕು.”

ಹಾಗಾದರೆ ಅಜ್ಜಿಗೆ ಗೊತ್ತು. ಅಂದು ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಅವಳು ರಿಮೋಟ್ ಒತ್ತಿದಳು.

ಸಿನಿಮಾದಲ್ಲಿ ಒಬ್ಬ ತಾಯಿ. ಅವಳು ಒಂದು ಗಳಿಗೆ ಆಚೆ ಹೋದಾಗ ಅವಳ ಪುಟ್ಟ ಮಗ ಕೆರೆಗೆ ಬಿದ್ದು ಸತ್ತಿದ್ದಾನೆ. ಅವಳು ಅದನ್ನು ಯಾರಿಗೂ ಹೇಳದೆ, ಸುಮ್ಮಸುಮ್ಮನೆ ಎಲ್ಲರ ಮೇಲೂ ಸಿಡುಕುತ್ತಾಳೆ. ಕೊನೆಗೆ ಒಂದು ದಿನ ಅವರೆಕಾಯಿ ಬಿಡಿಸುತ್ತಾ ಗಂಡನಿಗೆ ಎಲ್ಲವನ್ನೂ ಹೇಳುತ್ತಾಳೆ. ಹಿನ್ನೆಲೆಯಲ್ಲಿ ಸಂಗೀತವಿಲ್ಲ, ಕೂಗಾಟವಿಲ್ಲ. ಕಾಯಿ ಬಿಡಿಸುವ ಕೈ ಮಾತ್ರ ನಿಲ್ಲುವುದಿಲ್ಲ.

ಸಿನಿಮಾ ಹಾಕಿದರೆ ಹತ್ತು ನಿಮಿಷಕ್ಕೇ ತೂಕಡಿಸುವ ಅಜ್ಜಿ ಇಂದು ಮುಂದಕ್ಕೆ ಬಾಗಿ ಕೂತಿದ್ದರು.

“ಎಷ್ಟು ಚೆನ್ನಾಗಿ ಮಾಡ್ತಾಳೆ ನೋಡು. ಇದಲ್ಲವಾ ಧೈರ್ಯ ಅಂದ್ರೆ.”

ಸುಮಿತಾ ಟಿ.ವಿ. ನಿಲ್ಲಿಸಿದಳು. “ಅಜ್ಜಿ, ತಾತ ನನ್ನನ್ನು ಕರೆದಿದ್ರು. ನಾನು ಹೋಗ್ಲಿಲ್ಲ. ಅಪ್ಪಂಗೆ ಸುಳ್ಳು ಹೇಳ್ದೆ.”

ಅಜ್ಜಿ ಅವಳ ಕಡೆಗೆ ತಿರುಗಿದರು.

“ಮೊದಲು ಕರೆದದ್ದು ನನ್ನನ್ನು, ಕುಂಞಿ ಮಗಳೇ. ಮಂಡಿ ನೋವು, ಮಗುವನ್ನು ಕರೀರಿ ಅಂದೆ.”

“ನಿಮಗೆ ನೋವಿತ್ತಲ್ಲ ಅಜ್ಜಿ.”

“ಅವತ್ತು ಇರ್ಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅಂದಿದ್ರು. ಆ ಕೋಪ.”

ಸುಮಿತಾ ಅಜ್ಜಿಯ ಮುಖ ನೋಡಿದಳು. ತಿಂಗಳಿಂದ ಅಜ್ಜಿ ಬಡಿಸುವ ಮೊದಲು ಎರಡೆರಡು ಸಲ ಸಾರಿನ ಉಪ್ಪು ನೋಡುತ್ತಿದ್ದರು. ಮರೆವು ಎಂದು ಮನೆಯವರು ನಗುತ್ತಿದ್ದರು. ಅವಳೂ ನಕ್ಕಿದ್ದಳು. ಅದು ಮರೆವಲ್ಲ. ಅವಳು ಅಜ್ಜಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸಂಜೆ ಅಪ್ಪ ಬಂದ ಕೂಡಲೇ ಇಬ್ಬರೂ ಹೇಳಿದರು, ಮೊದಲು ಅಜ್ಜಿ, ಆಮೇಲೆ ಸುಮಿತಾ. ಅಪ್ಪ ಬಯ್ಯಲಿಲ್ಲ. ಅಜ್ಜಿಯ ಕಾಲು ಮುಟ್ಟಿದರು. ಸುಮಿತಾಳ ತಲೆಯ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡೇ ನಿಂತರು.

ನಡುಮನೆಯ ತೂಗುದೀಪ ಹಚ್ಚುವ ಹೊತ್ತಾಗಿತ್ತು. ದಿನಾ ದೀಪದ ಮುಂದೆ ಅಜ್ಜಿಯೇ ಹಿರಿಯರನ್ನು ನೆನೆದು ಬೇಡಿಕೊಳ್ಳುವರು. ಇಂದು ಅವರ ಸ್ವರ ಹೊರಡಲಿಲ್ಲ. ಸುಮಿತಾ ಕೈಮುಗಿದು ಮೆಲ್ಲಗೆ ಹೇಳಿದಳು:

“ಕಾವೇರಮ್ಮೇ, ನಮ್ಮ ತಾತ ನಿನ್ನ ಹತ್ರ ಬಂದಿದ್ದಾರೆ. ಅವರನ್ನು ನೆಮ್ಮದಿಯಾಗಿ ಇಟ್ಟುಕೋ, ತಾಯಿ.”